ಬಿಕಾಂ ಓದಿದವನು ಮೊಬೈಲ್ ಆ್ಯಪ್ ಮಾಡೋದು ಕಲಿಯಬೇಕು, ಕೋಟ್ಲಿನ್ ಹಿಡಿಯಲೋ ಫ್ಲಟರ್ ಹಿಡಿಯಲೋ?

ಬಿಕಾಂ ಮುಗಿದಿದೆ, 8 ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್ ಇದೆ, ಕೋಟ್ಲಿನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯೋ, ಫ್ಲಟರ್ ಅನ್ನೋ ಆ್ಯಪ್ ಕಟ್ಟೋ ಸಲಕರಣೆಯೋ, ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಇಟ್ಟುಕೊಂಡು ನಾನು ಮೂರು ತಿಂಗಳು ಯೂಟ್ಯೂಬ್ ನೋಡಿದ್ದೆ, ಒಂದು ಸಾಲು ಕೋಡ್ ಬರೆದಿರಲಿಲ್ಲ.

ಕೈಯಲ್ಲಿರೋದು ಆಂಡ್ರಾಯ್ಡ್ ಫೋನಾದರೆ ಕೋಟ್ಲಿನ್. 2019ರಿಂದ ಗೂಗಲ್ ಅದಕ್ಕೇ ಮೊದಲ ಮಣೆ ಹಾಕಿದೆ. ಫ್ಲಟರ್‌ನಲ್ಲಿ ಬರೆದ ಒಂದೇ ಕೋಡ್ ಐಫೋನಿಗೂ ಆಗುತ್ತೆ, ನಿಜ. ಆದರೆ ಐಫೋನಿಗೆ ಬಿಲ್ಡ್ ಮಾಡೋಕೆ, ಅಂದರೆ ಕೋಡನ್ನು ಓಡೋ ಆ್ಯಪ್ ಆಗಿ ಕಟ್ಟೋಕೆ, ಆಪಲ್‌ನ ಮ್ಯಾಕ್ ಕಂಪ್ಯೂಟರ್ ಬೇಕು, ಆ್ಯಪ್ ಸ್ಟೋರಿಗೆ ಹಾಕೋಕೆ ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಸದ್ಯಕ್ಕೆ ಆ ಉಸಾಬರಿ ಬೇಡ.

ಕೋಡ್ ಬರೆಯೋಕೆ ಬೇಕಾದ ಸಾಫ್ಟ್‌ವೇರ್ ಆಂಡ್ರಾಯ್ಡ್ ಸ್ಟುಡಿಯೋ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮೊದಲ ಸಲದ ಬಿಲ್ಡ್ ತುಂಬ ಹೊತ್ತು ಹಿಡಿಯುತ್ತೆ. ಕೆಟ್ಟುಹೋಯಿತು ಅಂತ ಮುಚ್ಚಬೇಡಿ, ಬೇಕಾದ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಇಳಿಸಿಕೊಳ್ಳುತ್ತಿರುತ್ತೆ. 8 ಜಿಬಿಯಲ್ಲಿ ಎಮ್ಯುಲೇಟರ್ (ಲ್ಯಾಪ್‌ಟಾಪ್ ಒಳಗೇ ಓಡೋ ನಕಲಿ ಫೋನ್) ಓಡಿಸಿದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತೆ, ಹಾಗಾಗಿ ನಿಮ್ಮ ಫೋನನ್ನೇ ಜೋಡಿಸಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ಕಾಣಿಸಿಕೊಳ್ಳುತ್ತೆ, ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ. ಕೇಬಲ್ ಡೇಟಾ ಹೋಗೋದೇ ಆಗಿರಲಿ. ಬರೀ ಚಾರ್ಜ್ ಆಗೋ ಕೇಬಲ್ ಚುಚ್ಚಿ ನಾನು ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ.

ಇನ್ನು, ಏನು ಮಾಡಬೇಕು ಅನ್ನೋದು. ನಾನು ಮಾಡಿದ್ದು ಹಾಲಿನ ಲೆಕ್ಕ. ಅಮ್ಮ ಕ್ಯಾಲೆಂಡರಿನ ಚೌಕದಲ್ಲಿ 'ಅರ್ಧ', 'ಒಂದು', 'ಇಲ್ಲ' ಅಂತ ಬರೆಯುತ್ತಿದ್ದಳು. ಅವೇ ಮೂರು ಬಟನ್ ಆದವು. ಅವಳು ಕೂತು ಹದಿನೈದು ದಿನದ್ದು ಒಂದೇ ಸಲಕ್ಕೆ ಒತ್ತಿದಳು, ಆಮೇಲೆ ಸರಿಯಾಗಿ ಕಾಣಲಿ ಅಂತ ಫೋನನ್ನು ಅಡ್ಡ ತಿರುಗಿಸಿದಳು. ಎಲ್ಲ ಮಾಯ! "ನಿನ್ನ ಆ್ಯಪ್‌ಗಿಂತ ನನ್ನ ಪೆನ್ಸಿಲ್ಲೇ ವಾಸಿ ಕಣೋ" ಅಂದಳು. ಫೋನ್ ತಿರುಗಿಸಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಆ ಪರದೆಯನ್ನೇ ಕೆಡವಿ ಮತ್ತೆ ಕಟ್ಟುತ್ತೆ. ಎಲ್ಲೂ ಉಳಿಸದ ಅಂಕಿಗಳು ಅದರ ಜೊತೆಗೇ ಹೋಗುತ್ತವೆ. ಪರದೆ ತಿರುಗಿದರೂ ಅಂಕಿ ಹಿಡಿದಿಟ್ಟುಕೊಳ್ಳೋ ವ್ಯೂಮಾಡೆಲ್, ಫೋನಿನಲ್ಲೇ ಉಳಿಸಿಡೋ ರೂಮ್ ಡೇಟಾಬೇಸ್ ಅಂತ ವಿಡಿಯೋಗಳಲ್ಲಿ ಯಾಕೆ ಬಡಿದುಕೊಳ್ಳುತ್ತಿದ್ದರು ಅನ್ನೋದು ಆವತ್ತು ತಲೆಗೆ ಹತ್ತಿತು. ನಿಮಗೆ ಚೀಟಿ ಲೆಕ್ಕವೋ ಅಂಗಡಿಯ ಉದ್ದರಿ ಪುಸ್ತಕವೋ ಆದೀತು, ಡೆಬಿಟ್ ಕ್ರೆಡಿಟ್ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಲಾಗಿನ್, ಪೇಮೆಂಟ್, ಚಾಟ್ ಯಾವುದೂ ಬೇಡ.

ಪ್ಲೇ ಸ್ಟೋರಿಗೆ ಹಾಕೋಕೆ ಒಂದು ಸಲ 25 ಡಾಲರ್ ಕಟ್ಟಿದರೆ ಆಯಿತು. ಆದರೆ ಹೊಸ ವೈಯಕ್ತಿಕ ಖಾತೆಯಾದರೆ ಮೊದಲು 12 ಜನ ಟೆಸ್ಟರ್‌ಗಳು ಸತತ 14 ದಿನ ಟೆಸ್ಟಿಂಗ್‌ನಲ್ಲಿ ಇರಬೇಕು. ಎರಡು ದಿನ ಇಟ್ಟುಕೊಂಡು ಡಿಲೀಟ್ ಮಾಡೋ ಸ್ನೇಹಿತರು ಇದಕ್ಕೆ ಆಗಲ್ಲ. ನೆಂಟರ ವಾಟ್ಸಾಪ್ ಗ್ರೂಪಿನಲ್ಲಿ ಈಗಿನಿಂದಲೇ ಎಲ್ಲರ ಗುಡ್ ಮಾರ್ನಿಂಗ್‌ಗೂ ಉತ್ತರ ಕೊಡುತ್ತಿರಿ.