ಒಂದೇ ಹಾಡು: ಒಂದನೇ ಸ್ಥಾನವೂ ಹೌದು, ಅರವತ್ತನೆಯದೂ ಹೌದು

ಪ್ರಶ್ನೆ: ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಹಾಡು ಒಂದನೇ ಸ್ಥಾನಕ್ಕೇರಿತ್ತು ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ 60, ಮತ್ತೊಂದು ಕಡೆ 7 ಎಂದಿದೆ. ಯಾವುದು ಸರಿ? 2024ರಲ್ಲಿ ಬಿಯಾನ್ಸೆ ಹಾಡಿದ ‘ಜೋಲೀನ್’ ಇದಕ್ಕಿಂತ ದೊಡ್ಡ ಗೆಲುವೇ?

ಉತ್ತರ: ಮೂರೂ ಸರಿ. ಹತ್ತನೇ ತರಗತಿಯಲ್ಲಿ ಶಾಲೆಗೆ ಮೊದಲಿಗನಾದ ಹುಡುಗ ಜಿಲ್ಲೆಯ ಪಟ್ಟಿಯಲ್ಲಿ ಅರವತ್ತನೆಯವನಾದರೆ ನಾವು ಯಾವ ಅಂಕಪಟ್ಟಿಯನ್ನೂ ಅನುಮಾನಿಸುವುದಿಲ್ಲವಲ್ಲ!

1973ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಈ ಹಾಡು 1974ರ ಫೆಬ್ರುವರಿಯಲ್ಲಿ ಅಮೆರಿಕದ ‘ಬಿಲ್‌ಬೋರ್ಡ್’ ಸಂಗೀತ ಪತ್ರಿಕೆಯ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಮೂಲದ ಸಂಗೀತ) ಪಟ್ಟಿಯ ತುದಿಗೇರಿತು. ಅದೇ ಪತ್ರಿಕೆಯ ‘ಹಾಟ್ 100’ ಪಟ್ಟಿಯಲ್ಲಿ ಮಾತ್ರ 60ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಹಾಟ್ 100ರಲ್ಲಿ ಪಾಪ್, ಸೋಲ್, ರಾಕ್ ಎಲ್ಲವೂ ಒಟ್ಟಿಗೆ ಪೈಪೋಟಿಗಿಳಿಯುತ್ತವೆ. ಆ ಕಾಲದ ಪಾಪ್ ರೇಡಿಯೊ ಕೇಂದ್ರಗಳು ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನ ಹಾಡುಗಳಿಗೆ ಅಷ್ಟಾಗಿ ಬಾಗಿಲು ತೆರೆಯುತ್ತಿರಲಿಲ್ಲ. ಪಲ್ಲವಿಯಲ್ಲಿ ಒಂದೇ ಹೆಸರನ್ನು ಮತ್ತೆ ಮತ್ತೆ ಕರೆದು ಗೋಗರೆಯುವ ಇಂಥ ಹಾಡಿಗೂ ಆ ಬೇಲಿ ದಾಟಲಾಗಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ. ಡಾಲಿ ಆ ಬೇಲಿಯನ್ನು ಹಟ ಹಿಡಿದೇ ದಾಟಿದರು: 1977ರಲ್ಲಿ ಬಿಡುಗಡೆಯಾದ ‘ಹಿಯರ್ ಯು ಕಮ್ ಅಗೇನ್’ ಹಾಟ್ 100ರಲ್ಲಿ 3ನೇ ಸ್ಥಾನ ಪಡೆಯಿತು, 1981ರಲ್ಲಿ ‘ನೈನ್ ಟು ಫೈವ್’ ಎರಡೂ ಪಟ್ಟಿಗಳಲ್ಲಿ ಮೊದಲನೆಯದಾಯಿತು.

ಏಳನೇ ಸ್ಥಾನ ಬ್ರಿಟನ್ನಿನದು, ಅದೂ 1976ರದು. ಅಲ್ಲಿ ರೇಡಿಯೊ ಪ್ರಸಾರ ಲೆಕ್ಕಕ್ಕಿರಲಿಲ್ಲ, ಮಾರಾಟವೊಂದೇ ಅಳತೆ. ಆಯ್ದ ಅಂಗಡಿಗಳವರು ಮಾರಿದ ರೆಕಾರ್ಡ್‌ಗಳನ್ನು ದಿನಚರಿ ಪುಸ್ತಕದಲ್ಲಿ ಕೈಯಿಂದ ಬರೆದು, ವಾರದ ಕೊನೆಗೆ ಅಂಚೆಗೆ ಹಾಕುತ್ತಿದ್ದರು. ಪಟ್ಟಿ ಹುಟ್ಟುತ್ತಿದ್ದುದು ಆ ಬರಹಗಳಿಂದ.

ಇನ್ನು ಬಿಯಾನ್ಸೆ. ಅವರ ‘ಜೋಲೀನ್’ 2024ರ ಏಪ್ರಿಲ್‌ನಲ್ಲಿ ಹಾಟ್ 100ರಲ್ಲಿ 7ನೇ ಸ್ಥಾನಕ್ಕೆ ನೇರವಾಗಿ ಬಂದಿತು. 60ಕ್ಕಿಂತ 7 ಮೇಲು, ನಿಜ. ಆದರೆ ಈಗ ಸ್ಟ್ರೀಮಿಂಗ್ ಕೂಡ ಲೆಕ್ಕಕ್ಕೆ ಬರುತ್ತದೆ. ಹೆಸರಾಂತ ಗಾಯಕಿಯ ಆಲ್ಬಂ ಹೊರಬಂದ ವಾರ ಅಭಿಮಾನಿಗಳು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಸಿಂಗಲ್ ಆಗಿ, ಅಂದರೆ ಬಿಡಿಯಾಗಿ ಬಿಡುಗಡೆಯಾಗಿ, ಬಾರದ ಹಾಡುಗಳೂ ಗುಂಪಾಗಿ ಪಟ್ಟಿಗೆ ನುಗ್ಗುತ್ತವೆ. 1974ರಲ್ಲಿ ಡಾಲಿಯ ಹಾಡಿಗೆ ಆ ದಾರಿ ಇರಲಿಲ್ಲ. ಕೇಳುಗರು ಅಂಗಡಿಗೆ ಹೋಗಿ ಆ ಒಂದು ರೆಕಾರ್ಡನ್ನೇ ಕೊಳ್ಳಬೇಕಿತ್ತು, ಇಲ್ಲವೇ ರೇಡಿಯೊದವರು ಅದನ್ನೇ ಆರಿಸಿ ಹಾಕಬೇಕಿತ್ತು.