ಸಂಡಿಗೆ ಹಾರಿಸಿಕೊಂಡು ಹೋದ ಸಿಡ್ನಿ ಗಾಳಿ

ಪ್ರಶ್ನೆ: ನಾವಿರುವುದು ಸಿಡ್ನಿಯ ಕೂಜಿ ಬೀಚಿನ ಹತ್ತಿರ, ನಾಲ್ಕನೇ ಮಹಡಿಯಲ್ಲಿ. ಕಳೆದ ಡಿಸೆಂಬರಿನಲ್ಲಿ ಊರಿಂದ ಬಂದಿದ್ದ ಅತ್ತೆ, “ಇಷ್ಟು ಒಳ್ಳೆ ಬಿಸಿಲು ಸುಮ್ನೆ ಹಾಳಾಗುತ್ತಲ್ಲ” ಎಂದು ಬಾಲ್ಕನಿಯಲ್ಲಿ ಸಂಡಿಗೆ ಇಟ್ಟರು. ಸಂಜೆ ನಾಲ್ಕಕ್ಕೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಐದೇ ನಿಮಿಷ, ಎಲ್ಲಿಂದಲೋ ಗಾಳಿ ನುಗ್ಗಿತು. ಸಂಡಿಗೆ ಹೋಗಲಿ, ಬಟ್ಟೆ ಒಣಗಿಸುವ ಸ್ಟ್ಯಾಂಡೇ ಕಂಬಿ ದಾಟಿ ಕೆಳಗೆ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಒಂದು ಹನಿ ಮಳೆಯೂ ಬರಲಿಲ್ಲ. ಇದೇನಿದು? ಮೊದಲೇ ತಿಳಿಯೋಕೆ ಆಗುತ್ತಾ?

ಉತ್ತರ: ನಿಮ್ಮತ್ತೆಯವರ ಸಂಡಿಗೆ ಒಯ್ದ ಗಾಳಿಗೆ ಅಲ್ಲಿ ಹೆಸರೇ ಇದೆ: ಸದರ್ಲಿ ಬಸ್ಟರ್. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇದರ ಕಾಲ. ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ.

ಆಸ್ಟ್ರೇಲಿಯಾದ ದಕ್ಷಿಣ ಸಮುದ್ರದ ತಂಪು ಗಾಳಿ ಬಿಸಿ ಗಾಳಿಯನ್ನು ತಳ್ಳಿಕೊಂಡು ಬರುತ್ತದಲ್ಲ, ಅದರ ಮುಂದಿನ ಅಂಚೇ ಕೋಲ್ಡ್ ಫ್ರಂಟ್. ನ್ಯೂ ಸೌತ್ ವೇಲ್ಸ್ ಕರಾವಳಿಯ ಬೆನ್ನಿಗೆ ಗ್ರೇಟ್ ಡಿವೈಡಿಂಗ್ ರೇಂಜ್ ಬೆಟ್ಟಸಾಲು ಇದೆ. ನಮ್ಮ ಕರಾವಳಿಗೆ ಘಟ್ಟ ಇದ್ದ ಹಾಗೆ. ದಿಕ್ಕು ಮಾತ್ರ ಉಲ್ಟಾ, ಅಲ್ಲಿ ಬೆಟ್ಟ ಪಶ್ಚಿಮಕ್ಕೆ, ಕಡಲು ಪೂರ್ವಕ್ಕೆ. ತಂಪು ಗಾಳಿ ಭಾರ, ನೆಲ ಹಿಡಿದೇ ಸಾಗುತ್ತದೆ. ಅದರ ಪದರವೂ ತೆಳು, ಸುಮಾರು ಒಂದು ಕಿಲೋಮೀಟರ್ ದಪ್ಪ ಇದ್ದರೆ ಹೆಚ್ಚು. ಬೆಟ್ಟ ಹತ್ತಿ ದಾಟಲಾರದೆ, ಕಾಲುವೆಗೆ ಬಿಟ್ಟ ನೀರಿನಂತೆ ಕಡಲಂಚಿನ ಪಟ್ಟಿಯಲ್ಲೇ ಉತ್ತರಕ್ಕೆ ನುಗ್ಗುತ್ತದೆ. ಕೆಲವೇ ನಿಮಿಷದಲ್ಲಿ 10ರಿಂದ 15 ಡಿಗ್ರಿ ಸೆಕೆ ಇಳಿದುಬಿಡುತ್ತದೆ. ನೀವು ಸ್ವೆಟರ್ ಹುಡುಕುವಾಗ ಕಡಲಿನಿಂದ ದೂರದ ಪೆನ್ರಿತ್ ಕಡೆಯ ನಿಮ್ಮ ನೆಂಟರು ಇನ್ನೂ ಬೆವರುತ್ತಿರುತ್ತಾರೆ. ಒಳನಾಡಿಗೆ ಅದು ತಡವಾಗಿ, ಸಾಮಾನ್ಯವಾಗಿ ಬಲ ಕುಂದಿ ತಲುಪುತ್ತದೆ.

ಹಳೇ ಸಿಡ್ನಿಯಲ್ಲಿ ಇದನ್ನು ‘ಬ್ರಿಕ್‌ಫೀಲ್ಡರ್’ ಅಂತಲೂ ಕರೆಯುತ್ತಿದ್ದರು. ಊರಿನ ದಕ್ಷಿಣಕ್ಕೆ ಇಟ್ಟಿಗೆ ಮಾಡುವ ಜಾಗ ಇತ್ತು, ಅಲ್ಲಿನ ಧೂಳೆಲ್ಲ ಊರ ಮೇಲೆ! ಸಂಡಿಗೆ ಕಳೆದುಕೊಂಡವರು ಆಗಲೂ ಒಂದಲ್ಲ ಒಂದು ರೀತಿಯಲ್ಲಿ ಇದ್ದರು ಅನ್ನಿ.

ನಮ್ಮವರು ಮೋಸ ಹೋಗುವುದು ಎಲ್ಲಿ ಗೊತ್ತಾ? ನಮಗೆ ಗಾಳಿ ಅಂದರೆ ಮೊದಲು ಮೋಡ ಕವಿಯಬೇಕು, ಗುಡುಗಬೇಕು. ಇದಕ್ಕೆ ಅದ್ಯಾವುದೂ ಬೇಕಿಲ್ಲ. ಕೆಲವೊಮ್ಮೆ ಸುತ್ತಿಟ್ಟ ಚಾಪೆಯಂಥ ಉದ್ದನೆ ಮೋಡ ದಕ್ಷಿಣದಿಂದ ಉರುಳಿ ಬರುತ್ತದೆ. ಎಷ್ಟೋ ಸಲ ಅದೂ ಇಲ್ಲ, ಆಕಾಶ ತಿಳಿಯಾಗಿಯೇ ಇರುತ್ತದೆ. ಹಾಗಾಗಿ ಆಕಾಶ ನೋಡಬೇಡಿ, ದಕ್ಷಿಣದ ಊರು ನೋಡಿ. ಗಾಳಿ ನೌರಾ, ವೊಲೊಂಗಾಂಗ್ ದಾಟಿಯೇ ನಿಮ್ಮಲ್ಲಿಗೆ ಬರಬೇಕು. ಹವಾಮಾನ ಇಲಾಖೆಯಾದ ಬ್ಯೂರೋ ಆಫ್ ಮೀಟಿಯೊರಾಲಜಿಯ ವೆಬ್‌ಸೈಟಿನಲ್ಲಿ ಆಯಾ ಊರಿನ ಈಗಿನ ಗಾಳಿಯ ದಿಕ್ಕು, ವೇಗ ಸಿಗುತ್ತದೆ. ವೊಲೊಂಗಾಂಗಿನಲ್ಲಿ ಗಾಳಿ ದಕ್ಷಿಣದಿಂದ ಬೀಸತೊಡಗಿ ಉಷ್ಣಾಂಶ ಧಡಕ್ಕನೆ ಬಿದ್ದಿದೆ ಅಂದರೆ ನಿಮಗೆ ಉಳಿದಿರುವುದು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಅಷ್ಟರಲ್ಲಿ ಸಂಡಿಗೆ, ಸ್ಟ್ಯಾಂಡು, ಹೂಕುಂಡ, ಪ್ಲಾಸ್ಟಿಕ್ ಕುರ್ಚಿ ಎಲ್ಲ ಒಳಗೆ ಬರಲಿ. ಸೆಕೆ ಅಂತ ತೆರೆದಿಟ್ಟ ಕಿಟಕಿಗಳನ್ನೂ ಹಾಕಿ. ಬಾಗಿಲು ಬಡಿದು ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು ಆಗಲೇ. ಚಾವಣಿ ಕಿತ್ತರೆ, ಮನೆ ಮೇಲೆ ಮರ ಬಿದ್ದರೆ ರಾಜ್ಯದ ತುರ್ತು ಸೇವೆಯಾದ ಎಸ್‌ಇಎಸ್‌ನವರ ನಂಬರ್ 132 500. ಜೀವಕ್ಕೆ ಅಪಾಯ ಅನ್ನಿಸಿದರೆ 000.

ಪ್ರಶ್ನೆ: ಇನ್ನೊಂದು. ನಮ್ಮೆಜಮಾನರು ಶನಿವಾರ ಬಂಡೆ ಮೇಲೆ ನಿಂತು ಗಾಳ ಹಾಕುತ್ತಾರೆ. ಬೇಡ ಅಂದರೆ, “ನಾನು ಗಂಗೊಳ್ಳಿಯವನು, ನನಗೆ ಕಡಲು ಹೇಳಿಕೊಡ್ತೀಯಾ? ಫೋನಿನಲ್ಲಿ ಗಾಳಿ 50 ಅಂತಿದೆ, ಅಷ್ಟೇ ತಾನೆ” ಅನ್ನುತ್ತಾರೆ.

ಉತ್ತರ: ಗಂಗೊಳ್ಳಿಯ ಕಡಲು ಅವರಿಗೆ ಚೆನ್ನಾಗಿಯೇ ಗೊತ್ತು, ಒಪ್ಪಿದೆ. ಆದರೆ ಅಲ್ಲಿಗೆ ಕೋಲ್ಡ್ ಫ್ರಂಟ್ ಬರುವುದಿಲ್ಲ. ಕಲಿತ ಲೆಕ್ಕ ಇಲ್ಲಿ ಕೂರುವುದಿಲ್ಲ.

ಇನ್ನು ಆ 50. ಮುನ್ಸೂಚನೆಯಲ್ಲಿ ಕೊಡುವುದು ಸರಾಸರಿ ವೇಗ. ಅದಕ್ಕಿಂತ ಶೇ. 40ರಷ್ಟು ಜೋರಾಗಿ ಗಾಳಿ ಹೊಡೆಯಬಹುದು ಎಂದು ಬ್ಯೂರೋದವರೇ ಎಚ್ಚರಿಸುತ್ತಾರೆ. ಅಂದರೆ ಗಂಟೆಗೆ 50 ಕಿ.ಮೀ. ಎಂದಿದ್ದರೆ 70. ಅಲೆ ಹೇಳಿದ್ದಕ್ಕಿಂತ ಎರಡು ಪಟ್ಟು ಎತ್ತರ ಏಳಬಹುದು. ಬಂಡೆ ಮೇಲಿನವರನ್ನು ಎಳೆದುಕೊಳ್ಳುವುದು ಅಂಥ ಒಂದೇ ಒಂದು ಅಲೆ. ಗಾಳಿ 26 ನಾಟ್, ಅಂದರೆ ಗಂಟೆಗೆ 48 ಕಿ.ಮೀ. ಮುಟ್ಟುವ ಸಂಭವ ಇದ್ದರೆ ‘ಸ್ಟ್ರಾಂಗ್ ವಿಂಡ್ ವಾರ್ನಿಂಗ್’ ಕೊಡುತ್ತಾರೆ, 34 ನಾಟ್ ಆದರೆ ‘ಗೇಲ್ ವಾರ್ನಿಂಗ್’. ಇವೆರಡರಲ್ಲಿ ಯಾವುದು ಇದ್ದರೂ ಆ ಶನಿವಾರ ಮೀನು ಅಂಗಡಿಯಿಂದಲೇ ಬರಲಿ.

ಅಂದ ಹಾಗೆ, ನಿಮ್ಮ ಕೂಜಿ ಇರುವುದು ರ್‍ಯಾಂಡ್ವಿಕ್ ಕೌನ್ಸಿಲ್‌ನಲ್ಲಿ. ಅಲ್ಲಿ ಬಂಡೆ ಮೇಲೆ ಮೀನು ಹಿಡಿಯುವವರು ಲೈಫ್‌ಜಾಕೆಟ್ ಹಾಕಲೇಬೇಕೆಂಬ ಕಾನೂನಿದೆ. ನಿಮ್ಮ ಮಾತು ಕೇಳದಿದ್ದರೆ ದಂಡದ ವಿಷಯ ಹೇಳಿ ನೋಡಿ.