ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದರೆ ರೋಗನಿರೋಧಕ ಶಕ್ತಿ ಕುಂದಿದೆಯೇ?

ಪ್ರಶ್ನೆ: ನನ್ನ ಪತ್ನಿಗೆ 38 ವರ್ಷ, ರೇಷ್ಮೆ ರೀಲಿಂಗ್ ಘಟಕದಲ್ಲಿ ಕೆಲಸ. ಎರಡು ವರ್ಷಗಳಿಂದ ಸೈನಸ್ ಸೋಂಕು ಮರುಕಳಿಸುತ್ತಿದೆ, ಎರಡು ಸಲ ನ್ಯುಮೋನಿಯಾ ಆಗಿದೆ. ಕೀಲುನೋವಿಲ್ಲದಿದ್ದರೂ ಆರ್‌ಎ ಫ್ಯಾಕ್ಟರ್ (ಕೀಲುವಾತದ ಶಂಕೆಯಿದ್ದಾಗ ಮಾಡಿಸುವ ರಕ್ತಪರೀಕ್ಷೆ) ಪಾಸಿಟಿವ್ ಬಂದಿದೆ. ಇದು ಪ್ರತಿಕಾಯಗಳ ವಿರುದ್ಧವೇ ಹುಟ್ಟುವ ಪ್ರತಿಕಾಯವೆಂದು ಓದಿದೆ. ಸೋಂಕಿಗೆ ಇದೇ ಕಾರಣವೇ?
– ಓದುಗರು, ಶಿಡ್ಲಘಟ್ಟ

ಉತ್ತರ: ನೀವು ಓದಿರುವುದು ಸರಿ, ಆದರೆ ಅದರಿಂದ ತೆಗೆದ ತೀರ್ಮಾನ ಸರಿಯಲ್ಲ. ಆರ್‌ಎ ಫ್ಯಾಕ್ಟರ್ ನಮ್ಮದೇ ಐಜಿಜಿ ಪ್ರತಿಕಾಯದ ಬಾಲದ ಭಾಗಕ್ಕೆ ಅಂಟಿಕೊಳ್ಳುತ್ತದೆಯಾದರೂ, ಅದರಿಂದ ಐಜಿಜಿ ಬರಿದಾಗಿ ಸೋಂಕು ತಗಲುವುದು ವಾಡಿಕೆಯಲ್ಲ. ವಾಸ್ತವದಲ್ಲಿ ಸಂಬಂಧ ಹಲವು ಬಾರಿ ತಿರುಗುಮುರುಗು: ಕ್ಷಯ, ಹೆಪಟೈಟಿಸ್ ಸಿ, ಹೃದಯ ಕವಾಟದ ಸೋಂಕಿನಂತಹ ದೀರ್ಘಕಾಲದ ಕಾಯಿಲೆಗಳಲ್ಲಿಯೇ ಈ ಫ್ಯಾಕ್ಟರ್ ಕಾಣಿಸಿಕೊಳ್ಳುತ್ತದೆ. ಆರೋಗ್ಯವಂತ ವೃದ್ಧರಲ್ಲೂ ಇರುವುದುಂಟು. ಕೀಲುನೋವಿಲ್ಲದವರಿಗೆ ಈ ಪರೀಕ್ಷೆ ಬರೆಯುವುದೇ ಅನೇಕ ವೇಳೆ ಅನವಶ್ಯಕ ಎಂಬುದು ನನ್ನ ಅಭಿಪ್ರಾಯ.

ಈಗ ಆಗಬೇಕಾದದ್ದು ರಕ್ತದಲ್ಲಿನ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಪ್ರತಿಕಾಯಗಳ ಪ್ರಮಾಣದ ಪರೀಕ್ಷೆ. ವಯಸ್ಕರ ಐಜಿಜಿ ಸಾಮಾನ್ಯವಾಗಿ ಡೆಸಿಲೀಟರಿಗೆ ಸುಮಾರು 700ರಿಂದ 1600 ಮಿಲಿಗ್ರಾಂ ಇರುತ್ತದೆ. ಅದು ತೀರಾ ಕಡಿಮೆಯಿದ್ದರೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ, ಫೆನಿಟಾಯಿನ್ ಅಥವಾ ರಿಟುಕ್ಸಿಮಾಬ್‌ನಂತಹ ಔಷಧ ತೆಗೆದುಕೊಂಡಿದ್ದಾರೆಯೇ, ರಕ್ತದ ಕ್ಯಾನ್ಸರ್ ಇದೆಯೇ ಎಂದು ನೋಡಿ, ಇವಾವುವೂ ಇಲ್ಲವಾದರೆ ಹುಟ್ಟಿನಿಂದಲೇ ಅಡಗಿದ್ದು ಪ್ರೌಢ ವಯಸ್ಸಿನಲ್ಲಿ ಹೊರಬೀಳುವ ಪ್ರತಿಕಾಯ ಕೊರತೆಯನ್ನು ಶಂಕಿಸಬೇಕಾಗುತ್ತದೆ. ಒಟ್ಟು ಪ್ರಮಾಣ ಸರಿಯಿದ್ದರೂ ಸೋಂಕು ನಿಲ್ಲದಿದ್ದರೆ, ನ್ಯುಮೋಕಾಕಲ್ ಲಸಿಕೆ ಕೊಟ್ಟು ಪ್ರತಿಕಾಯ ಏರುವುದೇ ಎಂದು ಅಳೆಯುವುದುಂಟು.

ನಿಮ್ಮ ಊಹೆಗೆ ತೀರಾ ಹತ್ತಿರದ್ದು ಐಜಿಎ ಕೊರತೆ: ಇಂಥವರಲ್ಲಿ ಕೆಲವರಿಗೆ ಐಜಿಎ ವಿರುದ್ಧ ಪ್ರತಿಕಾಯಗಳಿರುತ್ತವೆ. ಕೊರತೆಗೆ ಅವೇ ಕಾರಣವೆಂದು ಸ್ಥಾಪಿತವಾಗಿಲ್ಲವಾದರೂ, ರಕ್ತ ಅಥವಾ ಪ್ಲಾಸ್ಮಾ ಕೊಡುವಾಗ ತೀವ್ರ ಅಲರ್ಜಿ ಉಂಟಾಗಬಹುದಾದ್ದರಿಂದ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಸ್ವಯಂನಿರೋಧಕತೆಯಿಂದ, ಅಂದರೆ ರೋಗನಿರೋಧಕ ವ್ಯವಸ್ಥೆ ನಮ್ಮದೇ ದೇಹದ ಮೇಲೆ ತಿರುಗಿಬೀಳುವುದರಿಂದ, ಸೋಂಕು ಬರುವುದೇ ಇಲ್ಲವೆಂದಲ್ಲ. ಥಾಯ್ಲೆಂಡ್ ಮತ್ತು ತೈವಾನ್‌ನ ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶವಾಹಕ ಪ್ರೋಟೀನನ್ನು ತಡೆಯುವ ಪ್ರತಿಕಾಯಗಳು ವಯಸ್ಕರಲ್ಲಿ ಗಂಭೀರ ಸೋಂಕುಗಳೊಂದಿಗೆ ಇರುವುದನ್ನು ತೋರಿಸಿತು. ಆದರೆ ಅಲ್ಲಿ ಪ್ರಧಾನವಾದದ್ದು ದುಗ್ಧಗ್ರಂಥಿಗಳು ಊದಿ, ಕ್ಷಯದ ದೂರದ ಬಂಧುಗಳಾದ ಬ್ಯಾಕ್ಟೀರಿಯಾಗಳು ದೇಹವೆಲ್ಲ ಹರಡುವ ಬಗೆ. ಮರುಕಳಿಸುವ ಸೈನಸ್ ಸೋಂಕಿನ ಚಿತ್ರಣವಲ್ಲ. ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳನ್ನು ನಾಶಪಡಿಸುವ ಪ್ರತಿಕಾಯಗಳೂ ಇವೆ. ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ವರದಿಯಲ್ಲಿ ನ್ಯೂಟ್ರೊಫಿಲ್ ಎಣಿಕೆ ಸರಿಯಿದ್ದರೆ ಆ ಶಂಕೆ ಬಹುಮಟ್ಟಿಗೆ ದೂರವಾಗುತ್ತದೆ.

ಸಕ್ಕರೆ ಕಾಯಿಲೆ ಮತ್ತು ಎಚ್‌ಐವಿ ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಕೆಲಸದ ಜಾಗವನ್ನೂ ಮರೆಯುವಂತಿಲ್ಲ. ಬೇಯುವ ಗೂಡಿನ ಆವಿ ಮತ್ತು ರೇಷ್ಮೆಯ ದೂಳಿನಿಂದ ಮೂಗಿನ ಅಲರ್ಜಿ, ಆಸ್ತಮಾ ಬರಬಹುದು. ಮೂಗಿನ ಒಳಪದರ ಸದಾ ಊದಿಕೊಂಡಿದ್ದರೆ ಸೈನಸ್ ಸೋಂಕಿಗೆ ದಾರಿಯಾಗುತ್ತದೆ. ರಜೆಯ ದಿನಗಳಲ್ಲಿ ಉಪಶಮನ ಕಾಣುತ್ತದೆಯೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿ.

ಪ್ರಮಾಣ ಅಳೆಯುವ ಮೊದಲೇ ಯಾರಾದರೂ ದುಬಾರಿ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಡ್ರಿಪ್ ಸೂಚಿಸಿದರೆ ಒಪ್ಪಿಕೊಳ್ಳಬೇಡಿ. ಆ ಚಿಕಿತ್ಸೆ ನಿಜವಾದ ಕೊರತೆ ಇದ್ದವರಿಗೆ 3–4 ವಾರಗಳಿಗೊಮ್ಮೆ ಕೊಡುವಂಥದು; ದಾನಿಗಳ ಐಜಿಜಿ ರಕ್ತದಲ್ಲಿ ಸೇರಿದ ಮೇಲೆ ನಿಮ್ಮ ಪತ್ನಿಯ ಸ್ವಂತ ಐಜಿಜಿ ಎಷ್ಟೆಂದು ತಿಂಗಳುಗಟ್ಟಲೆ ತಿಳಿಯುವುದಿಲ್ಲ.